ಏಳು ಗಂಟೆ ಹತ್ತು ನಿಮಿಷ (ಅಂದಾಜು)

ಎಲ್ಲಿಂದ ಶುರು ಮಾಡಲಿ?

ಗೊತ್ತು, ಇದು ಹಳೇ ನಾಟಕ. ಕಥೆಗಾರರು ಹೀಗೊಂದು ಪ್ರಶ್ನೆ ಎಸೆದು ಮೊದಲ ಪ್ಯಾರಾ ಸಾಗಹಾಕುತ್ತಾರೆ, ಓದುವವರು ಪಾಪ ಮರ್ಯಾದೆಗೆ ತಲೆಯಾಡಿಸುತ್ತಾರೆ. ಆದರೆ ನಾನು ನಿಜವಾಗಿಯೂ ಕೇಳುತ್ತಿದ್ದೇನೆ. ಹನ್ನೊಂದು ದಿನದಿಂದ ಈ ಕಥೆಗೆ ಮೊದಲ ವಾಕ್ಯ ಸಿಕ್ಕಿಲ್ಲ. ಸಿಕ್ಕಿದ್ದೆಲ್ಲ ಕೊನೆಗಳು. ಅವೂ ಮೂರು, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ.

ಹೋಗಲಿ, ದೂರದಿಂದಲೇ ಶುರು ಮಾಡುತ್ತೇನೆ. ಅಕ್ಕನ ಊರಿನಿಂದ ತಮ್ಮನ ಊರಿಗೆ 5,667 ಕಿಲೋಮೀಟರ್. ಈ ಕಥೆಯಲ್ಲಿ ನಾನು ಎದೆ ತಟ್ಟಿಕೊಂಡು ಸತ್ಯ ಎನ್ನಬಹುದಾದ ಸಂಖ್ಯೆ ಇದೊಂದೇ.

1

ಹೊಟ್ಟೆಪಾಡಿಗೆ ನಾನು ದೂರ ಬರೆಯುತ್ತೇನೆ. ‘ಇಲ್ಲಿಂದ ಅಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತು’ ಎಂದು ನೀವು ಫೋನಿನಲ್ಲಿ ಹುಡುಕಿದಾಗ ಮೇಲೆ ನಾಲ್ಕೈದು ಪುಟ ಬರುತ್ತವಲ್ಲ, ಅದರಲ್ಲೊಂದು ನಮ್ಮ ಆಫೀಸಿನದು. ಆಫೀಸೆಂದರೆ ಔಷಧಿ ಅಂಗಡಿಯ ಮೇಲಿನ ಮಹಡಿ, ಆರು ಮೇಜು, ನಾಲ್ಕು ಫ್ಯಾನು (ತಿರುಗುವುದು ಮೂರು). ಅಲ್ಲಿ ಕೂತು ನಾವು ಆರು ಜನ ಲೋಕದ ಯಾವ ಊರಿನಿಂದ ಯಾವ ಊರಿಗೆ ಬೇಕಾದರೂ ದೂರ ಹೇಳಿಬಿಡುತ್ತೇವೆ. ನಮ್ಮಲ್ಲಿ ವಿಮಾನ ಹತ್ತಿದವರು ಒಬ್ಬರೂ ಇಲ್ಲ.

ನಮ್ಮ ಯಜಮಾನರನ್ನು ನಾವು ಬೆನ್ನ ಹಿಂದೆ ಡೆಡ್‌ಲೈನ್ ಮೇಷ್ಟ್ರು ಎನ್ನುತ್ತೇವೆ. ಎರಡು ವರ್ಷದ ಹಿಂದೆ, ನಾನು ಸೇರಿದ ವಾರದಲ್ಲೇ, ಅವರು ಕಂಪ್ಯೂಟರಿನಲ್ಲಿ ಒಂದು ದೊಡ್ಡ ಪಟ್ಟಿ ತೆರೆದು ತೋರಿಸಿದರು. ಹೊರಡುವ ಊರು, ಮುಟ್ಟುವ ಊರು, ದೂರ, ಹೊತ್ತು. ಕೊನೆಯ ಕಾಲಮ್ ಮೇಲಿನಿಂದ ಕೆಳಗಿನವರೆಗೂ ಖಾಲಿ.

“ಇದನ್ನ ಶುಕ್ರವಾರದ ಒಳಗೆ ತುಂಬಿಸ್ಬೇಕಲ್ಲಮ್ಮ.”

“ಒಂದೊಂದೇ ಹುಡುಕಿ ತುಂಬಿಸೋದಾ ಸಾರ್?”

“ಹಾಗೆ ಹುಡುಕ್ತಾ ಕೂತ್ರೆ ನೀನು ರಿಟೈರ್ ಆಗ್ತೀಯ. ಏನಾದ್ರೂ ದಾರಿ ನೋಡು.”

ನೋಡಿದೆ. ವಿಮಾನ ಗಂಟೆಗೆ ಎಂಟುನೂರೈವತ್ತು ಕಿಲೋಮೀಟರ್ ಹಾರುತ್ತದೆಂದು ಎಲ್ಲೋ ಓದಿದ್ದೆ. ದೂರವನ್ನು ಅದರಿಂದ ಭಾಗಿಸಿ, ಏರಲು ಇಳಿಯಲು ಇರಲಿ ಎಂದು ಅರ್ಧ ಗಂಟೆ ಸೇರಿಸಿದೆ. ಆ ಅರ್ಧ ಗಂಟೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಎಷ್ಟು ಮುಂದಾಲೋಚನೆ ನನ್ನದು ಎಂದು. ಒಂದೇ ಮಧ್ಯಾಹ್ನದಲ್ಲಿ 8,214 ಪುಟಗಳಿಗೆ ಹೊತ್ತು ಬಂತು. ಮೇಷ್ಟ್ರು “ಭಲೇ!” ಎಂದು ಬೆನ್ನು ತಟ್ಟಿದರು.

ತಪ್ಪು ನಿಮ್ಮ ಕಣ್ಣಿಗೆ ಬಿತ್ತೋ ಇಲ್ಲವೋ. ನನಗೆ ಎರಡು ವರ್ಷ ಬೀಳಲಿಲ್ಲ. ಆ ಪಟ್ಟಿಯಲ್ಲಿ ದೂರಕ್ಕೆ ಕಾಲಮ್ ಇತ್ತು, ಹೊತ್ತಿಗೆ ಇತ್ತು. ಆ ದಾರಿಯಲ್ಲಿ ವಿಮಾನ ಓಡಾಡುತ್ತದಾ ಎಂಬುದಕ್ಕೆ ಕಾಲಮ್ಮೇ ಇರಲಿಲ್ಲ.

2

ನಮ್ಮ ಪ್ರತಿ ಪುಟದ ಕೆಳಗೂ ಓದಿದವರು ಏನಾದರೂ ಬರೆಯಲು ಜಾಗವಿರುತ್ತದೆ. ಸಾಮಾನ್ಯವಾಗಿ ‘ಥ್ಯಾಂಕ್ಸ್’ ಎಂದೋ ‘ಕಿಟಕಿ ಸೀಟು ಸಿಗುತ್ತಾ’ ಎಂದೋ ಬರೆದಿರುತ್ತಾರೆ. ಹನ್ನೊಂದು ದಿನದ ಹಿಂದೆ, ಬೆಳಿಗ್ಗೆ ಹತ್ತೂವರೆಗೆ, 5,667 ಕಿಲೋಮೀಟರಿನ ಪುಟದಲ್ಲಿ ಇದು ಬಂದಿತ್ತು. ನಾನು ಒಂದಕ್ಷರ ಬದಲಿಸಿಲ್ಲ.

“ಏಳು ಗಂಟೆ ಹತ್ತು ನಿಮಿಷ ಅಂತ ಬರೆದೋರು ಯಾರು? ನನ್ನ ತಮ್ಮ ಆಸ್ಪತ್ರೇಲಿದ್ದ. ರಾತ್ರಿ ಒಳಗೆ ಹೊಟ್ಟೆ ಆಪರೇಶನ್ ಆಗಲೇಬೇಕು ಅಂದಿದ್ರು. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ, ಅಕ್ಕಾ ಭಯ ಆಗುತ್ತೆ, ನೀನು ಬರೋತನಕ ನಾನು ಸಹಿ ಹಾಕಲ್ಲ ಅಂದ. ನಿಮ್ಮ ಪುಟ ನೋಡಿ, ಸಂಜೆ ಏಳಕ್ಕೆ ನಿನ್ನ ಮುಂದೆ ಇರ್ತೀನಿ ಅಂತ ಮಾತು ಕೊಟ್ಟೆ. ಪುಟಾನೂ ಅವನಿಗೆ ಕಳಿಸ್ದೆ. ನಾನು ಟೈಲರ್. ಹೇಳಿದ ದಿನಕ್ಕೆ ಬಟ್ಟೆ ಕೊಡದೆ ಇದ್ದಿದ್ದು ಒಂದು ಸಲಾನೂ ಇಲ್ಲ. ಅದಕ್ಕೇ ಅವನು ನಂಬಿದ್ದು. ಪಕ್ಕದ ಮನೆಯವರು ಟಿಕೆಟ್ ಮಾಡಿಸಿಕೊಟ್ರು. ಹನ್ನೊಂದು ಗಂಟೆಗೆ ವಿಮಾನ ಹತ್ತಿದೆ, ಜೀವನದಲ್ಲಿ ಮೊದಲನೇ ಸಲ. ಇಳಿದಾಗ ಸಂಜೆ ಆರೂ ಕಾಲು. ಬಂದೆ ಅಂದ್ಕೊಂಡೆ. ಹೊರಗೆ ಹೋಗಿ ಆಸ್ಪತ್ರೆ ಹೆಸರು ಹೇಳಿದ್ರೆ, ಟ್ಯಾಕ್ಸಿಯವನು ಇದು ಆ ಊರೇ ಅಲ್ಲ ಅಂದ. ಇನ್ನೂ ಎರಡು ವಿಮಾನ ಹತ್ತಬೇಕಿತ್ತು. ನನ್ನ ಫೋನ್ ಅಲ್ಲಿ ನಡೀಲಿಲ್ಲ. ಯಾರದೋ ಫೋನ್ ಇಸ್ಕೊಂಡು ವಾರ್ಡಿಗೆ ಮಾಡ್ದೆ. ನಾನು ಬರೋದು ನಾಳೆ, ಸಹಿ ಹಾಕು ಅಂತ ಅವನಿಗೆ ಹೇಳಿ ಸಿಸ್ಟರ್ ಅಂತ ಬೇಡ್ಕೊಂಡೆ. ಅವರು ಹೋಗಿ ಹೇಳಿ ವಾಪಸ್ ಬಂದ್ರು. ಅವನು ನಿಮ್ಮ ಪುಟ ತೋರಿಸಿದ್ನಂತೆ. ನೋಡಿ, ಏಳೇ ಗಂಟೆ, ನಮ್ಮಕ್ಕ ಈಗ ಬರ್ತಾಳೆ, ಸುಳ್ಳು ಹೇಳಿ ಸಹಿ ಹಾಕಿಸ್ಕೋಬೇಡಿ ಅಂದನಂತೆ. ಅವನ ಕೈಗೇ ಫೋನ್ ಕೊಡಿ ಅಂದೆ. ಅಷ್ಟರಲ್ಲಿ ಫೋನ್ ಕೊಟ್ಟವರ ವಿಮಾನ ಕರೆದ್ರು. ನಾನು ತಲುಪಿದ್ದು ಮಾರನೇ ದಿನ ರಾತ್ರಿ ಎಂಟಕ್ಕೆ. ಒಟ್ಟು ಮೂವತ್ತಮೂರು ಗಂಟೆ. ಬರೆದೋರ ಹೆಸರು ನನಗೆ ಬೇಡ. ಅವರು ಆ ದಾರೀಲಿ ಒಂದು ಸಲ ಆದ್ರೂ ಹೋಗಿದಾರಾ? ಅಷ್ಟು ಹೇಳಿ ಸಾಕು.”

ಎದೆ ಧಸಕ್ಕೆಂದಿತು. ಹೀಗೆ ಬರೆಯಬಾರದು, ಸವೆದುಹೋದ ಮಾತು ಅದು ಎಂದು ನಾನೇ ಹೊಸಬರಿಗೆ ಪಾಠ ಮಾಡಿದ್ದೇನೆ. ಆದರೆ ಧಸಕ್ಕೆಂದದ್ದನ್ನು ಇನ್ನೇನೆನ್ನಲಿ? ನೀರಿನ ಬಾಟಲಿ ಎತ್ತಿಕೊಂಡು ಮುಚ್ಚಳ ತೆಗೆಯುವುದನ್ನು ಮರೆತು ಬಾಯಿಗಿಟ್ಟುಕೊಂಡೆ. ಪಕ್ಕದ ಮೇಜಿನವಳು “ಏನಾಯ್ತೇ?” ಎಂದಳು. ನಾನು ಸ್ಕ್ರೀನು ತೋರಿಸಿದೆ. ಅವಳು ಓದುತ್ತಾ ಓದುತ್ತಾ ಕುರ್ಚಿ ಹಿಂದಕ್ಕೆ ತಳ್ಳಿಕೊಂಡು, ನನ್ನಿಂದ ಒಂದು ಮಾರು ದೂರ ಹೋದಳು.

ಮೇಷ್ಟ್ರನ್ನು ಕರೆದೆ. ಅವರು ಕನ್ನಡಕ ಹಣೆಗೇರಿಸಿ ಓದಿದರು.

“ಅಯ್ಯೋ ಪಾಪ,” ಎಂದರು. ಆಮೇಲೆ, “ಕೆಳಗೆ ‘ಅಂದಾಜು’ ಅಂತ ಹಾಕಿದೀವಲ್ಲ?”

“ಹಾಕಿದೀವಿ ಸಾರ್. ಚಿಕ್ಕಕ್ಷರದಲ್ಲಿ.”

“ಮತ್ತೆ? ಕಾಮೆಂಟ್ ಅಳಿಸ್ಬೇಡ. ಉದ್ದ ಕಾಮೆಂಟ್ ಇದ್ರೆ, ಜನ ಹುಡುಕಿದಾಗ ಪುಟ ಮೇಲಕ್ಕೆ ಬರುತ್ತೆ.”

(ಅವರನ್ನು ಖಳನಾಯಕ ಮಾಡಿಬಿಡುವ ಆಸೆ ಇಲ್ಲಿ ಬಲವಾಗಿ ಬಂತು. ಬೇಡ. ಭಾಗಾಕಾರ ಮಾಡಿದವಳು ನಾನು.)

2, ಇನ್ನೊಂದು ಸಲ

ಅವತ್ತೇ ಮನೆಗೆ ಬಂದು ಕಥೆ ಬರೆಯಲು ಕೂತೆ. ನನ್ನ ಎರಡು ಕಥೆ ಈಗಾಗಲೇ ಅಚ್ಚಾಗಿವೆ, ತಿಳಿದಿರಲಿ. ಎದೆಗೆ ಪೆಟ್ಟು ಬಿದ್ದರೆ ಕಥೆ ಬರೆಯಬೇಕು ಎಂಬ ದುರಭ್ಯಾಸ ಹತ್ತಿಕೊಂಡಿದೆ. ಮೊದಲ ಡ್ರಾಫ್ಟ್ ಹೀಗಿತ್ತು:

‘ಬಂದರಿನ ಎತ್ತರದ ಕ್ರೇನಿನೊಳಗೆ ಕೂತಿದ್ದ ತಮ್ಮನಿಗೆ ಹೊಟ್ಟೆಯಲ್ಲಿ ಮೊದಲ ನೋವು ಬಂದಾಗ, ಐದು ಸಾವಿರ ಕಿಲೋಮೀಟರ್ ಆಚೆ ಅಕ್ಕನ ಸೂಜಿಯಲ್ಲಿ ದಾರ ತುಂಡಾಯಿತು.’

“ತುಂಡಾಗ್ಲಿಲ್ಲ,” ಎಂದಳು ಅಕ್ಕ.

(ಗಮನಿಸಿ: ಇವಳು ಕಾಮೆಂಟ್ ಬರೆದ ಅಕ್ಕನಲ್ಲ. ಆಕೆಯನ್ನು ನಾನು ಕಂಡೇ ಇಲ್ಲ. ಇವಳು ನನ್ನ ಕಥೆಯ ಅಕ್ಕ, ನಾನೇ ಮಾಡಿಕೊಂಡವಳು. ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ.)

“ದಾರ ತುಂಡಾದ್ರೆ ಚೆನ್ನಾಗಿರುತ್ತೆ ಅಕ್ಕ, ಓದೋರಿಗೆ ಮುಂದೇನೋ ಆಗುತ್ತೆ ಅಂತ ಗೊತ್ತಾಗುತ್ತೆ.”

“ಒಳ್ಳೇ ದಾರ ಹಾಗೆಲ್ಲ ತುಂಡಾಗಲ್ಲ. ನಾನು ಆವಾಗ ಶರಟಿನ ಕಾಲರ್ ಬಿಚ್ತಾ ಇದ್ದೆ. ಫೋನ್ ಬಂತು. ಅಷ್ಟೇ. ಮತ್ತೆ ಅವನು ಕ್ರೇನ್ ಓಡಿಸ್ತಾನೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಕಲ್ಪನೆ.”

“ಇದೂ ಅಂದಾಜಾ?” ಎಂದಳು.

ಮುಖಕ್ಕೆ ರಪ್ಪೆಂದು ಹೊಡೆದ ಹಾಗಾಯಿತು. ಆ ಡ್ರಾಫ್ಟ್ ಹರಿದು ಹಾಕಿದೆ.

3

(ಇಲ್ಲಿ ವಿಮಾನದ ಕಿಟಕಿಯಿಂದ ಮೋಡ ನೋಡುವ ಒಂದೂವರೆ ಪುಟದ ವರ್ಣನೆ ಇತ್ತು. ಅಕ್ಕ ಕಿಟಕಿ ಪಕ್ಕ ಕೂತೇ ಇರಲಿಲ್ಲವಂತೆ. ತೆಗೆದೆ.)

4

ಮೂರು ಕೊನೆಗಳನ್ನು ಇಲ್ಲಿ ಇಡುತ್ತೇನೆ. ಅಂಗಡಿಯಲ್ಲಿ ಬಟ್ಟೆಯ ತಾನು ಬಿಚ್ಚಿ ಹಾಕುತ್ತಾರಲ್ಲ, ಹಾಗೆ. ನಿಮಗೆ ಹಿಡಿಸಿದ್ದನ್ನು ತೆಗೆದುಕೊಳ್ಳಿ ಎಂದು ಹೇಳುವವಳಿದ್ದೆ.

ಮೊದಲನೆಯ ಕೊನೆ. ರಾತ್ರಿ ಒಂಬತ್ತಾದರೂ ಅಕ್ಕ ಬರಲಿಲ್ಲ. ನರ್ಸು ಮತ್ತೆ ಬಂದು ಏನೂ ಹೇಳದೆ ಅವನ ಕೈ ಹಿಡಿದು ಕೂತಳು. ಅವನು ಸಹಿ ಹಾಕಿದ. ಮಾರನೇ ದಿನ ಅಕ್ಕ ಓಡೋಡಿ ಬಂದಾಗ ಅವನು ಮಂಪರಿನಲ್ಲಿದ್ದ. ಅವಳು ಹೊದಿಕೆ ಸರಿಸಿ ಹೊಟ್ಟೆಯ ಮೇಲಿನ ಹೊಲಿಗೆ ನೋಡಿ, “ಥೂ, ಎಂಥಾ ಸೊಟ್ಟ ಹೊಲಿಗೆ! ಯಾರೋ ಇದು, ಕಲಿಯೋರ ಕೈಗೆ ಕೊಟ್ಟಿದ್ರಾ?” ಎಂದಳು. ಅವನು ಕಣ್ಣು ಮುಚ್ಚಿಕೊಂಡೇ ನಕ್ಕ.

ಇದನ್ನು ಓದಿ ಕಥೆಯ ಅಕ್ಕ ಕೊರಳಿನ ಅಳತೆ ಟೇಪು ಸರಿಮಾಡಿಕೊಂಡಳು. “ಚೆನ್ನಾಗಿದೆ. ಹೊಲಿಗೆ ನೋಡಿ ಬೈದೆ ಅಂತ ಬರೆದಿದೀರಲ್ಲ, ಅದು ನಾನೇ ಸರಿ. ಆದರೆ ಇದು ಯಾರ ಅಳತೆಗೆ ಹೊಲಿದಿದ್ದು?”

“ಅಂದರೆ?”

“ನಿಮ್ಮ ಅಳತೆಗೆ ಹೊಲ್ಕೊಂಡಿದೀರ. ಅವನು ಉಳಿದ್ರೆ ನಿಮಗೆ ನಿದ್ದೆ ಬರುತ್ತೆ.”

ಎರಡನೆಯ ಕೊನೆ. ಅವನು ಕಾದ. ಏಳು ಗಂಟೆಗೆ ಬಾಗಿಲು ನೋಡಿದ, ಎಂಟಕ್ಕೆ ನೋಡಿದ. ಆಮೇಲೆ ಪ್ರಜ್ಞೆ ತಪ್ಪಿತು. ಡಾಕ್ಟರು ಸಹಿಗೆ ಕಾಯದೆ ಒಳಗೆ ಒಯ್ದರು, ಆದರೆ ಹೊತ್ತು ಮೀರಿತ್ತು. ಅಕ್ಕ ತಲುಪಿದಾಗ ಮಂಚಕ್ಕೆ ಹೊಸ ಹಾಸಿಗೆಬಟ್ಟೆ ಹಾಸಿದ್ದರು. ಪಕ್ಕದ ಪೆಟ್ಟಿಗೆಯಲ್ಲಿ ಅವನ ಫೋನಿತ್ತು, ತೆರೆದರೆ ನಮ್ಮ ಪುಟ.

ಇದನ್ನು ಬರೆಯುವಾಗ ಅತ್ತೆ. ನಿಜವಾಗಿಯೂ ಅತ್ತೆ, ಕೀಬೋರ್ಡಿನ ಮೇಲೆ ಹನಿ ಬಿತ್ತು. ಕಣ್ಣೊರೆಸಿಕೊಂಡು ಎರಡು ನಿಮಿಷ ಆಗಿರಲಿಲ್ಲ, ಇದನ್ನು ಸ್ಪರ್ಧೆಗೆ ಕಳಿಸಿದರೆ ಬಹುಮಾನ ಗ್ಯಾರಂಟಿ ಎಂದು ಹೊಳೆಯಿತು. ನನಗೆ ನನ್ನ ಮೇಲೇ ಹೇಸಿಗೆಯಾಗಿ ಎದ್ದು ಹೋಗಿ ಮುಖ ತೊಳೆದೆ. (ಬಂದು ಆ ಪ್ಯಾರಾವನ್ನು ಅಳಿಸಲಿಲ್ಲ. ನೋಡಿ, ಇನ್ನೂ ಇದೆ.)

ಮೂರನೆಯ ಕೊನೆ. ವಿಮಾನ ಇಳಿಯುವುದೇ ಇಲ್ಲ. ಅಕ್ಕ ಆಕಾಶದಲ್ಲೇ, ತಮ್ಮ ಕಾಯುತ್ತಲೇ, ದೂರವೂ ಕಾಲವೂ ಒಂದರೊಳಗೊಂದು ಕರಗಿ...

“ಪೆಟ್ರೋಲ್ ಮುಗಿಯಲ್ವಾ?” ಎಂದಳು ಅಕ್ಕ.

5

ನನ್ನ ಗಂಡ ಸಿಟಿ ಬಸ್ ಓಡಿಸುತ್ತಾರೆ. ಈ ವಾರ ಮಧ್ಯಾಹ್ನದ ಪಾಳಿ. ಆದ್ದರಿಂದ ಇವತ್ತು ಬೆಳಿಗ್ಗೆ, ಶರಟಿಗೆ ಇಸ್ತ್ರಿ ಹಾಕುತ್ತಿದ್ದವರ ಕೈಗೆ ಇಷ್ಟನ್ನೂ ಕೊಟ್ಟೆ. ನನ್ನ ಕಥೆಗೆ ಅವರೇ ಮೊದಲ ಓದುಗರು, ಅನೇಕ ಸಲ ಕೊನೆಯವರೂ ಹೌದು. ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಕೊಂಡೇ ಓದಿದರು.

“ಎಂಟುನೂರೈವತ್ತರಿಂದ ಭಾಗಿಸಿದ್ಯಾ?” ಎಂದರು.

“ಹ್ಞೂಂ.”

“ನನ್ನ ರೂಟು ಹದಿನಾಲ್ಕು ಕಿಲೋಮೀಟರ್. ನಿನ್ನ ಥರ ಬಸ್ಸಿನ ವೇಗದಿಂದ ಭಾಗಿಸಿದ್ರೆ ಇಪ್ಪತ್ತು ನಿಮಿಷ. ನನಗೆ ಒಂದು ಗಂಟೆ ಐದು ನಿಮಿಷ ಬೇಕು. ಜನ ಹತ್ತಬೇಕು, ಇಳೀಬೇಕು, ಮುದುಕರು ಬರ್ತಾ ಇದ್ರೆ ಕಾಯ್ಬೇಕು. ನನ್ನನ್ನೊಂದು ಮಾತು ಕೇಳಬಾರದಿತ್ತೇನೇ?”

“ವಿಮಾನದ ವಿಷಯ ನಿಮ್ಮನ್ನ ಕೇಳೋದು ಹೇಗೆ ರೀ?”

“ಸರಿ ಬಿಡು.” ಹಾಳೆಗಳನ್ನು ಮಡಚದೆ ಜೋಡಿಸಿದರು. “ಯಾವ ಕೊನೆ ಇಡ್ತೀಯೋ ನಿನಗೆ ಬಿಟ್ಟಿದ್ದು. ಆ ಎರಡನೇದನ್ನ ಅಳಿಸಲಿಲ್ಲ ಅಂತ ಬರೆದಿದೀಯಲ್ಲ, ಅದು ಓದಿ ಸಂಕಟ ಆಯ್ತು. ಒಂದು ಕೇಳ್ತೀನಿ.”

“ಕೇಳಿ.”

“ಆ ಪುಟ ತಿದ್ದಿದ್ಯಾ?”

ಅವರು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಬಂದರು.

“ಡಿಪೋದಲ್ಲಿ ಬೋರ್ಡಿನ ಮೇಲೆ ಟೈಮ್ ತಪ್ಪಾಗಿದ್ರೆ ನಾನು ಮೊದಲು ಚಾಕ್‌ಪೀಸ್ ತಗೊಂಡು ತಿದ್ತೀನಿ, ಆಮೇಲೆ ಬಸ್ ಹತ್ತೋದು. ಜನ ನಿಂತಿರ್ತಾರಲ್ಲ. ತಿದ್ದಿದ್ಯಾ ಇಲ್ವಾ?”

ಓದುಗರೇ, ನಿಮಗೂ ಈ ಪ್ರಶ್ನೆ ಆಗಲೇ ಬಂದಿತ್ತಾ? ಬಂದಿದ್ದರೆ ಒಂದು ಮಾತು ಕೂಗಿ ಹೇಳಬಾರದಿತ್ತಾ? ನನಗೆ ಬಂದಿರಲಿಲ್ಲ. ದೇವರಾಣೆಗೂ ಬಂದಿರಲಿಲ್ಲ. ಹನ್ನೊಂದು ದಿನ ಆ ಹೆಂಗಸಿನ ಸಂಕಟದಲ್ಲಿ ಮುಳುಗಿ ಎದ್ದಿದ್ದೇನೆ, ಅವಳ ತುಟಿಗೆ ಗುಂಡುಸೂಜಿ ಕಚ್ಚಿಸಿದ್ದೇನೆ, ಅವಳ ತಮ್ಮನನ್ನು ಒಮ್ಮೆ ಬದುಕಿಸಿ ಒಮ್ಮೆ ಕೊಂದಿದ್ದೇನೆ. ಆ ಪುಟ ತಿದ್ದಲು ಬೇಕಾದದ್ದು ಎರಡು ಕ್ಲಿಕ್ಕು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರು ಗಾಬರಿಯಾಗಿ ನೀರು ತಂದರು.

“ಬಯ್ಯಲಿಲ್ಲ ಕಣೇ, ಕೇಳಿದೆ ಅಷ್ಟೇ,” ಎಂದರು.

6

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪುಟ ತೆರೆದೆ. ಈಗ ಹೇಳುವುದರಲ್ಲಿ ಕಲ್ಪನೆಯಿಲ್ಲ, ಕ್ರೇನು ಇಲ್ಲ, ಮೋಡ ಇಲ್ಲ.

ದೂರ: 5,667 ಕಿಲೋಮೀಟರ್. ಹಾರಾಟದ ಅವಧಿ: ಏಳು ಗಂಟೆ ಹತ್ತು ನಿಮಿಷ. ಕೆಳಗೆ ಇರುವೆ ಗಾತ್ರದಲ್ಲಿ, ಅಂದಾಜು.

ಮೇಷ್ಟ್ರು ಹೇಳಿದ್ದು ನಿಜವಾಗಿತ್ತು, ಪುಟ ಮೇಲಕ್ಕೆ ಬಂದಿತ್ತು. ಈ ಹನ್ನೊಂದು ದಿನದಲ್ಲಿ ನಾನೂರು ಚಿಲ್ಲರೆ ಜನ ಓದಿದ್ದರು. ಅಕ್ಕನ ಕಾಮೆಂಟಿನ ಕೆಳಗೆ ಇನ್ನೂ ಹದಿನೇಳು ಜನ ಬರೆದಿದ್ದರು.

ಒಬ್ಬಾಕೆ: “ಮಗಳ ಹೆರಿಗೆಗೆ ಹೋಗ್ಬೇಕು. ಬೆಳಿಗ್ಗೆ ಹೊರಟ್ರೆ ಸಂಜೆ ಸಿಗ್ತೀನಲ್ಲ?”

ಅದರ ಕೆಳಗೆ ಉತ್ತರ: “ಸಿಗಲ್ಲಮ್ಮ. ಮೇಲೆ ಬರೆದಿರೋದು ತಪ್ಪು. ಮೂರು ವಿಮಾನ, ಮೂವತ್ತಮೂರು ಗಂಟೆ. ಮಗಳಿಗೆ ಮಾರನೇ ದಿನ ಬರ್ತೀನಿ ಅಂತಾನೇ ಹೇಳಿ. ಮೊದಲನೇ ಊರಲ್ಲಿ ಇಳಿದಾಗ ಹೊರಗಡೆ ಹೋಗ್ಬೇಡಿ.”

ಬರೆದವಳು ಅಕ್ಕ. ನನ್ನ ಅಕ್ಕನಲ್ಲ, ನಿಜವಾದವಳು.

ಒಬ್ಬ ಹುಡುಗ: “ಸೂಪರ್, ಏಳೇ ಗಂಟೆ! ಸಂದರ್ಶನಕ್ಕೆ ಹಿಂದಿನ ದಿನ ಹೊರಟ್ರೆ ಸಾಕು.” ಉತ್ತರ: “ಸಾಕಾಗಲ್ಲಪ್ಪ. ಮೂರು ದಿನ ಮುಂಚೆ ಹೊರಡು. ಎರಡನೇ ಊರಲ್ಲಿ ಒಂಬತ್ತು ಗಂಟೆ ಕೂರಿಸ್ತಾರೆ, ಅಲ್ಲಿ ಚಳಿ, ಒಂದು ಸ್ವೆಟರ್ ಇಟ್ಕೊ.”

ಇನ್ನೊಬ್ಬರು, ಮತ್ತೊಬ್ಬರು. ಪ್ರತಿಯೊಬ್ಬರ ಕೆಳಗೂ ಅವಳಿದ್ದಳು. ಯಾರೇ ಬರೆದರೂ ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಉತ್ತರ. ನಾನು ಅವಳಿಗಾಗಿ ಮೂರು ಥರ ಕೊನೆ ಹೊಲಿಯುತ್ತಾ ಕೂತಿದ್ದ ಹನ್ನೊಂದು ದಿನವೂ ಅವಳು ನಮ್ಮ ಪುಟದ ಬಾಗಿಲಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಒಳಗೆ ಬಂದವರನ್ನೆಲ್ಲ ತಡೆದು ನನ್ನ ಕೆಲಸ ಮಾಡುತ್ತಿದ್ದಳು. ಒಂದು ಬೈಗುಳವಿಲ್ಲ.

ಒಬ್ಬರಿಗೆ ಮಾತ್ರ ಉತ್ತರ ಬಂದಿರಲಿಲ್ಲ. ಆರು ದಿನದ ಹಿಂದೆ ಯಾರೋ ಕೇಳಿದ್ದರು: “ಅಕ್ಕಾ, ನಿಮ್ಮ ತಮ್ಮ ಈಗ ಹೇಗಿದಾರೆ?”

ಅದರ ಕೆಳಗೆ ಖಾಲಿ.

ಆ ಖಾಲಿ ಜಾಗವನ್ನು ಎಷ್ಟು ಹೊತ್ತು ನೋಡಿದೆನೋ. ನಾನು ಅದಕ್ಕೆ ಮೂರು ಉತ್ತರ ಬರೆದು ಇಟ್ಟುಕೊಂಡಿದ್ದೇನೆ, ನೀವೂ ಓದಿದ್ದೀರಿ. ದಯವಿಟ್ಟು ಮರೆತುಬಿಡಿ. ಯಾವುದು ಎಂದು ನನ್ನನ್ನು ಕೇಳಬೇಡಿ.

7

ಪುಟ ತಿದ್ದಿದೆ. ‘ನೇರ ವಿಮಾನ ಇಲ್ಲ. ಮೂರು ವಿಮಾನ, ಸುಮಾರು ಮೂವತ್ತಮೂರು ಗಂಟೆ.’ ದೊಡ್ಡಕ್ಷರದಲ್ಲಿ. ಎರಡು ಕ್ಲಿಕ್ಕು ಎಂದಿದ್ದೆನಲ್ಲ, ಅದೂ ತಪ್ಪು, ಮೂರು ಬೇಕಾಯಿತು.

ಆಮೇಲೆ ಅವಳ ಮೊದಲ ಪ್ರಶ್ನೆಯ ಕೆಳಗೆ ಬರೆದೆ: “ಇಲ್ಲಕ್ಕ. ಆ ದಾರೀಲಿ ನಾನು ಒಂದು ಸಲಾನೂ ಹೋಗಿಲ್ಲ. ಬರೆದವಳು ನಾನೇ. ಹನ್ನೊಂದು ದಿನದ ಹಿಂದೆಯೇ ತಿದ್ದಬೇಕಿತ್ತು, ತಿದ್ದಲಿಲ್ಲ. ಈಗ ತಿದ್ದಿದೀನಿ.” ಕ್ಷಮಿಸಿ ಎಂದು ಸೇರಿಸಿ, ಅಳಿಸಿ, ಮತ್ತೆ ಸೇರಿಸಿ ಕಳಿಸಿದೆ.

ಇಲ್ಲಿಗೆ ಮುಗಿಸಬಹುದಿತ್ತು. ತಪ್ಪೊಪ್ಪಿಗೆ, ಒಂದು ನಿಟ್ಟುಸಿರು, ಹೊರಗೆ ಗಂಡನ ಸ್ಕೂಟರ್ ಸದ್ದು ದೂರವಾಗುವುದು. ಹಾಗೆ ಬರೆದೂ ಇದ್ದೆ. ಆದರೆ ಇಪ್ಪತ್ತೇ ನಿಮಿಷದಲ್ಲಿ ಉತ್ತರ ಬಂತು. ಪರದೆ ಮಿಣುಕಿದ್ದಕ್ಕೆ ಬೆಚ್ಚಿಬಿದ್ದು ಲ್ಯಾಪ್‌ಟಾಪ್ ಬೀಳಿಸುವವಳಿದ್ದೆ. ಬೈಗುಳವಿರಬಹುದು, ಅಥವಾ ತಮ್ಮನ ಸುದ್ದಿ. ಎರಡಕ್ಕೂ ಹಲ್ಲು ಕಚ್ಚಿಕೊಂಡು ಓದಿದೆ.

“ನೋಡಿದೆ. ಸರಿಯಾಗಿದೆ. ಇದೇ ಥರ ಬೇರೆ ಪುಟ ಎಷ್ಟಿವೆ?”

“ಒಟ್ಟು 8,214 ಅಕ್ಕ,” ಎಂದು ಬರೆದೆ. “ಅದರಲ್ಲಿ ಎಷ್ಟು ತಪ್ಪು ಅಂತ ನನಗೇ ಗೊತ್ತಿಲ್ಲ.”

ಆಮೇಲೆ:

“ಯಾವತ್ತಿಗೆ ಆಗುತ್ತೆ? ದಿನ ಹೇಳಿ.”

ಅಂಗಡಿಯ ಮುಂದೆ ನಿಂತು ಜನ ಅವಳನ್ನು ಎಷ್ಟು ಸಲ ಹೀಗೆ ಕೇಳಿರುತ್ತಾರೋ, ಅವಳು ಎಷ್ಟು ಸಲ ದಿನ ಹೇಳಿ ಆ ದಿನಕ್ಕೇ ಕೊಟ್ಟಿರುತ್ತಾಳೋ. ‘ಆದಷ್ಟು ಬೇಗ’ ಎಂದು ಬರೆದು ಅಳಿಸಿದೆ. ‘ಸುಮಾರು’ ಎಂದು ಶುರು ಮಾಡಿ, ಆ ಒಂದು ಪದ ನೋಡುತ್ತಲೇ ಕೈ ಸುಟ್ಟವಳ ಹಾಗೆ ಅಳಿಸಿದೆ. ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಡೆಡ್‌ಲೈನ್ ಮೇಷ್ಟ್ರು, ತಿದ್ದಿದ ಪುಟ ನೋಡಿರಬೇಕು. ಒಂದೇ ಮಧ್ಯಾಹ್ನದಲ್ಲಿ ಎಂಟು ಸಾವಿರ ದಾರಿಗಳಿಗೆ ಹೊತ್ತು ಹೇಳಿದವಳಿಗೆ ಈಗ ಒಂದು ದಿನ ಹೇಳಲು ಬಾಯಿ ಬರುತ್ತಿಲ್ಲ.

ನನ್ನ ಕಡೆಯಿಂದ ಇದಕ್ಕೆ ಕೊನೆಯಿಲ್ಲ. ಪಟ್ಟಿ ತೆರೆದಿದ್ದೇನೆ. ಮೊದಲನೆಯ ಸಾಲು: 3,104 ಕಿಲೋಮೀಟರ್, ನಾಲ್ಕು ಗಂಟೆ ಒಂಬತ್ತು ನಿಮಿಷ. ವಿಮಾನ ಇದೆಯಾ, ನೋಡಬೇಕು.